ಹತ್ತಿ ಬಿತ್ತಿದವನು ಒಬ್ಬ, ಪಹಣಿ ಇನ್ನೊಬ್ಬನದು: ಈ ಬೆಂಬಲ ಬೆಲೆ ಯಾರಿಗೆ?

ಎರಿಹೊಲ_ಮಾನ್ವಿ · ಡಿಸೆಂಬರ್ 2025 · ರಾತ್ರಿ 9:12

ನಿನ್ನೆ ರಾಯಚೂರು ಗಂಜಿಗೆ (ಎಪಿಎಂಸಿ ಮಾರುಕಟ್ಟೆಗೆ) ಹತ್ತಿ ಹಾಕಿ ಬಂದೆ. ಕ್ವಿಂಟಲ್‌ಗೆ 6,850 ಸಿಕ್ಕಿತು. ಈ ವರ್ಷದ (2025-26) ಬೆಂಬಲ ಬೆಲೆ ಉದ್ದ ಎಳೆ ಹತ್ತಿಗೆ 8,110, ಮಧ್ಯಮ ಎಳೆಗೆ 7,710. ನನ್ನದು 22 ಕ್ವಿಂಟಲ್. 8,110ರ ಲೆಕ್ಕ ಹಿಡಿದರೆ 27,720 ರೂಪಾಯಿ ಕೈಬಿಟ್ಟು ಹೋಯಿತು. ಗೊಬ್ಬರದ ಅಂಗಡಿ ಬಾಕಿ ಅಷ್ಟರಲ್ಲೇ ತೀರುತ್ತಿತ್ತು.

ಬೆಂಬಲ ಬೆಲೆಗೆ ಕೊಳ್ಳುವ ಕೇಂದ್ರದ ಹತ್ತಿ ನಿಗಮ ಇದೆಯಲ್ಲ, ಆ ಸಿಸಿಐಗೆ ಯಾಕೆ ಹಾಕಲಿಲ್ಲ ಅಂತ ಕೇಳುತ್ತೀರಿ, ಅದನ್ನೇ ಹೇಳೋಕೆ ಬಂದೆ. ನನ್ನ ಸ್ವಂತದ್ದು ನಾಲ್ಕು ಎಕರೆ, ಅದರಲ್ಲಿ ತೊಗರಿ ಇದೆ. ಹತ್ತಿ ಹಾಕಿದ್ದು ಲೀಜಿಗೆ ಹಿಡಿದ ಆರು ಎಕರೆಯಲ್ಲಿ. ಹೊಲದ ಸಾಹುಕಾರರು ಇರೋದು ಹೈದರಾಬಾದಿನಲ್ಲಿ. ಯುಗಾದಿಗೇ ಅವರ ದುಡ್ಡು ಎಣಿಸಿ ಕೊಟ್ಟಾಗಿದೆ, ಮಳೆ ಬರಲಿ ಬಿಡಲಿ. ಈ ಸಲ ಸಿಸಿಐಗೆ ಹತ್ತಿ ಕೊಡಬೇಕಂದ್ರೆ ಕಪಾಸ್ ಕಿಸಾನ್ ಅನ್ನೋ ಮೊಬೈಲ್ ಆಪ್‌ನಲ್ಲಿ ಮೊದಲೇ ಹೆಸರು ಬರೆಸಬೇಕು, ಆಮೇಲೆ ದಿನ ಗೊತ್ತು ಮಾಡಿಕೊಳ್ಳಬೇಕು. ಅದಕ್ಕೆ ಪಹಣಿ ಬೇಕು, ಅದು ಸಾಹುಕಾರರ ಹೆಸರಲ್ಲಿದೆ. ಆಧಾರ್ ಬೇಕು, ಅದೂ ಅವರದೇ. ಓಟಿಪಿ ಅವರ ಫೋನಿಗೆ ಹೋಗುತ್ತೆ. ಕೊನೆಗೆ ದುಡ್ಡೂ ಅವರ ಬ್ಯಾಂಕ್ ಖಾತೆಗೇ ಬೀಳುತ್ತೆ. ಬಿತ್ತಿದ್ದು, ಕೀಟದ ಎಣ್ಣೆ ಸಿಂಪಡಿಸಿದ್ದು, ಬಿಡಿಸಿದ್ದು ನಾನು. ಆ ಆಪ್ ಲೆಕ್ಕದಲ್ಲಿ ನಾನು ಇಲ್ಲವೇ ಇಲ್ಲ.

ಅವರಿಗೆ ಫೋನ್ ಮಾಡಿದೆ. "ನೋಡೋಣ ತಮ್ಮಾ, ಕಾಗದ ಪತ್ರದ ವಿಷಯ, ಸುಮ್ನೆ ತಲೆನೋವು" ಅಂದರು. ಅಲ್ಲಿಗೆ ಮುಗೀತು.

ನನ್ನಂಥವರು ಇಲ್ಲಿ ಎಷ್ಟು ಜನ ಇದ್ದೀರಿ?

ಗಂಜ್_ಗುಮಾಸ್ತ · ರಾತ್ರಿ 9:31

ಇದ್ದೀವಿ ಅಂತ ಕೈ ಎತ್ತೋರು ಕಡಿಮೆ. ಆದರೆ ಅಂಡಿಗೆ (ಹತ್ತಿ ಮೂಟೆ) ಬಿಚ್ಚುವ ಹೊತ್ತಿಗೆ ನನಗೆ ಗೊತ್ತಾಗುತ್ತೆ, ಯಾರದು ಸ್ವಂತದ್ದು, ಯಾರದು ಲೀಜಿನದು. ಲೀಜಿನವರು ದರ ಕೇಳುವಾಗ ಧ್ವನಿನೇ ಬೇರೆ ಇರುತ್ತೆ.

ಒಂದು ತಿದ್ದುಪಡಿ ಅಣ್ಣ. 8,110 ಸೀದಾ ನಿಮ್ಮ ಕೈಗೆ ಬರ್ತಿರಲಿಲ್ಲ. ಸಿಸಿಐ ಲೆಕ್ಕ ಶುರುವಾಗೋದು ತೇವ 8 ಪರ್ಸೆಂಟ್ ಇದ್ದಾಗ. ಅದಕ್ಕಿಂತ ಒಂದೊಂದು ಪರ್ಸೆಂಟ್ ಜಾಸ್ತಿ ಆದಂಗೆ ಬೆಲೆಯಲ್ಲಿ ಒಂದೊಂದು ಪರ್ಸೆಂಟ್ ಕಟ್. 12 ದಾಟಿದರೆ ವಾಪಸ್. ಅಂದರೆ 12 ಪರ್ಸೆಂಟ್ ತೇವದ ಹತ್ತಿಗೆ 7,785 ಚಿಲ್ಲರೆ. ಈಗ ಇಬ್ಬನಿ ಕಾಲ, ಬೆಳಿಗ್ಗೆ ಬೇಗ ಬಿಡಿಸಿ ಸೀದಾ ಗಾಡಿಗೆ ತುಂಬಿದರೆ ತೇವ ಇದ್ದೇ ಇರುತ್ತೆ. ಎರಡು ದಿನ ಮಾಳಿಗೆ ಮೇಲೆ ಹರಡಿ ತನ್ನಿ ಅಂತ ಎಲ್ಲರಿಗೂ ಹೇಳ್ತೀನಿ. ಮಾಳಿಗೆ ಇದ್ದವರು ಹರಡುತ್ತಾರೆ, ತಗಡಿನ ಮನೆಯವರು ಎಲ್ಲಿ ಹರಡಬೇಕು?

ಆದರೂ 7,785 ಅಂದರೆ 6,850ಕ್ಕಿಂತ ಎಷ್ಟೋ ವಾಸಿ. ಅದು ಒಪ್ತೀನಿ.

ನಮೋ_ಸಿಂಧನೂರು · ರಾತ್ರಿ 9:40

2014-15ರಲ್ಲಿ ಉದ್ದ ಎಳೆ ಹತ್ತಿಗೆ ಬೆಂಬಲ ಬೆಲೆ 4,050 ಇತ್ತು. ಈಗ 8,110. ಡಬಲ್. ಅದನ್ನ ಯಾರೂ ಹೇಳಲ್ಲ. ಆಪ್ ತಂದಿರೋದು ದಲ್ಲಾಳಿಗಳನ್ನ ದೂರ ಇಡೋಕೆ. ತಂತ್ರಜ್ಞಾನ ಬಂದಾಗ ಮೊದಲು ಕಿರಿಕಿರಿ ಆಗುತ್ತೆ, ಯುಪಿಐಗೂ ಹಿಂಗೇ ಅಂದಿದ್ರಿ, ಈಗ ಮಿರ್ಚಿ ಬಂಡಿಯವನೂ ಸ್ಕ್ಯಾನರ್ ಇಟ್ಟಿದ್ದಾನೆ.

ಎರಿಹೊಲ_ಮಾನ್ವಿ · ರಾತ್ರಿ 9:58

ಡಬಲ್ ಆಗಿದ್ದು ನಿಜ, ಸುಳ್ಳು ಅನ್ನಲ್ಲ. ಬೀಜದ ದರವೂ ಅಷ್ಟೇನೂ ಏರಿಲ್ಲ, 475 ಗ್ರಾಂ ಪ್ಯಾಕೆಟ್‌ಗೆ ಈ ವರ್ಷ 901 ಅಂತ ಸರ್ಕಾರವೇ ಮಿತಿ ಹಾಕಿದೆ. ಏರಿದ್ದು ಕೂಲಿ. ಹತ್ತಿ ಬಿಡಿಸುವ ಕೂಲಿ ಕಿಲೋ ಲೆಕ್ಕ, ಕೊನೆ ಸಲದ ಬಿಡಿಸುವಿಕೆಯಲ್ಲಿ ಗಿಡದಲ್ಲಿ ಹತ್ತಿ ಕಡಿಮೆ ಇರುತ್ತೆ, ಬರೋಕೆ ಯಾರೂ ಒಪ್ಪಲ್ಲ. ಬಂದರೆ ಆಟೋ ಬಾಡಿಗೆ, ಚಹಾ, ಎಲ್ಲ ನಮ್ಮದೇ.

ಯುಪಿಐಗೆ ಹೋಲಿಸಬೇಡಿ ಸರ್. ಮಿರ್ಚಿ ಬಂಡಿಯವನ ಮಿರ್ಚಿ ಅವನದೇ, ಫೋನ್ ಅವನದೇ, ಖಾತೆ ಅವನದೇ. ಬಂಡಿ ನಿಂತ ಜಾಗದ ಪಹಣಿ ತಂದರೆ ಮಾತ್ರ ದುಡ್ಡು ಅಂದಿದ್ರೆ ಅವನೂ ಸ್ಕ್ಯಾನರ್ ಬಿಸಾಕ್ತಿದ್ದ.

ಇನ್ನು ಬೆಲೆ ಯಾಕೆ ಬಿತ್ತು ಅನ್ನೋದಕ್ಕೆ ಬರ್ತೀನಿ. ಹೊರಗಿನಿಂದ ಬರುವ ಹತ್ತಿಗೆ 2021ರ ಬಜೆಟ್‌ನಿಂದ 11 ಪರ್ಸೆಂಟ್ ಆಮದು ಸುಂಕ ಇತ್ತು. ಆಗಸ್ಟ್ 15ಕ್ಕೆ ಕೆಂಪುಕೋಟೆ ಮೇಲೆ ನಿಂತು ಪ್ರಧಾನಿ ರೈತರ ಪರ ಗೋಡೆ ಥರ ನಿಂತಿದ್ದೇನೆ ಅಂದರು. ನಾಲ್ಕೇ ದಿನಕ್ಕೆ, ಆಗಸ್ಟ್ 19ರಿಂದ, ಆ 11 ಪರ್ಸೆಂಟ್ ತೆಗೆದರು. ಮೊದಲು ಸೆಪ್ಟೆಂಬರ್ 30ರವರೆಗೆ ಅಂದರು, ಆಮೇಲೆ ಡಿಸೆಂಬರ್ 31ಕ್ಕೆ ಎಳೆದರು. ನಮ್ಮ ಕಡೆ ಹತ್ತಿ ಒಡೆಯೋದು ಯಾವಾಗ? ದಸರಾದಿಂದ ಡಿಸೆಂಬರ್ ಹೊತ್ತಿನ ಎಳ್ಳ ಅಮವಾಸ್ಯೆವರೆಗೆ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಗುರುತು ಹಾಕಿದಂಗಿದೆ!

2022ರಲ್ಲೂ ಸುಂಕ ತೆಗೆದಿದ್ದರು. ಆದರೆ ಅದು ಏಪ್ರಿಲ್ 14ಕ್ಕೆ. ಆಗ ನಮ್ಮ ಮನೆಯಲ್ಲಿ ದೀಪದ ಬತ್ತಿಗೆ ಬೇಕಾದಷ್ಟು ಹತ್ತಿನೂ ಇರಲಿಲ್ಲ, ಎಲ್ಲ ಮಾರಿ ಆಗಿತ್ತು. ಹಾಗಾಗಿ ಯಾರೂ ಕೂಗಾಡಲಿಲ್ಲ. ಈ ಸಲ ಬೆಳೆ ಗಿಡದ ಮೇಲಿದೆ.

ಅಹಿಂದ_ಹುಡುಗ · ರಾತ್ರಿ 10:05

ಸರಿಯಾಗಿ ಹೇಳಿದ್ರಿ ಅಣ್ಣ. ಎಲ್ಲ ಟ್ರಂಪ್‌ಗೆ ಹೆದರಿ ಮಾಡಿದ್ದು. ಆಗಸ್ಟ್ 27ರಿಂದ ನಮ್ಮ ದೇಶದ ಮಾಲಿಗೆ 50 ಪರ್ಸೆಂಟ್ ಸುಂಕ ಹಾಕಿದ ಅವನು. ಇವರು ಅವನ ಹತ್ತಿಗೆ ಬಾಗಿಲು ತೆಗೆದು ನಿಂತರು. ಕೇಂದ್ರದ ಕೆಲಸ ಪೂರ್ತಿ ಕೇಂದ್ರದ್ದೇ, ರಾಜ್ಯದವರು ಏನು ಮಾಡೋಕಾಗುತ್ತೆ?

ಜೀನ್ಸ್_ಬಳ್ಳಾರಿ · ರಾತ್ರಿ 10:22

ನಾನು ಉಲ್ಟಾ ಮಾತಾಡ್ತೀನಿ, ಬೈಯಬೇಡಿ. ನಮ್ಮದು ಬಳ್ಳಾರಿಯಲ್ಲಿ 14 ಹೊಲಿಗೆ ಮಿಷನ್ನಿನ ಚಿಕ್ಕ ಜೀನ್ಸ್ ಯೂನಿಟ್. 2022ರಲ್ಲಿ ನಿಮ್ಮ ಹತ್ತಿ 10,000 ದಾಟಿತಲ್ಲ, ಆಗ ನೀವೆಲ್ಲ ಹೊಸ ಬೈಕ್ ತಗೊಂಡ್ರಿ, ನಮ್ಮ ಓಣಿಯಲ್ಲಿ ಮಿಷನ್ ನಿಂತವು. ಡೆನಿಮ್ ಬಟ್ಟೆ ಮೀಟರ್ ದರ ವಾರ ವಾರ ಏರುತ್ತಿತ್ತು. ಪ್ಯಾಂಟಿನ ದರ ಏರಿಸಿದರೆ ಹೊರಗಿನ ವ್ಯಾಪಾರಿ ಆರ್ಡರ್ ಕೊಡಲ್ಲ. ಮೂರು ತಿಂಗಳು ಟೈಲರ್‌ಗಳಿಗೆ ಅರ್ಧ ಕೆಲಸ. ಹಂಗಾಗಿ ಹತ್ತಿ ಸ್ವಲ್ಪ ಅಗ್ಗ ಆಗಲಿ ಅಂತ ನಾನು ಬಯಸಿದ್ದು ಸುಳ್ಳಲ್ಲ.

ಆದರೆ ನಿಜ ಹೇಳ್ತೀನಿ ಕೇಳಿ. ಆಗಸ್ಟ್‌ನಿಂದ ಈವರೆಗೆ ನನಗೆ ಬಟ್ಟೆ ಒಂದು ರೂಪಾಯಿ ಕಡಿಮೆಗೆ ಬಂದಿಲ್ಲ. ಬಟ್ಟೆ ವ್ಯಾಪಾರಿಯನ್ನ ಕೇಳಿದರೆ "ಹಳೇ ಸ್ಟಾಕು" ಅಂತಾನೆ. ಏರುವಾಗ ಹಳೇ ಸ್ಟಾಕಿಗೂ ಹೊಸ ರೇಟು, ಇಳಿಯುವಾಗ ಹೊಸ ಸ್ಟಾಕಿಗೂ ಹಳೇ ರೇಟು.

ಜಿಎಸ್‌ಟಿ ಕಥೆನೂ ಅಷ್ಟೇ. ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಬಟ್ಟೆಗೆ 5 ಪರ್ಸೆಂಟ್ ಅಂತ ದೊಡ್ಡ ಸುದ್ದಿ ಆಯ್ತು. ಮೊದಲು 1,000ದವರೆಗೆ 5 ಪರ್ಸೆಂಟ್ ಇತ್ತು, ಅದರ ಮೇಲೆ 12. ನನ್ನ ಪ್ಯಾಂಟು ಹೋಲ್‌ಸೇಲ್‌ನಲ್ಲಿ 1,000 ಮುಟ್ಟೋದೇ ಇಲ್ಲ. ಆಗಲೂ 5, ಈಗಲೂ 5. ಲಾಭ ಬ್ರಾಂಡ್ ಅಂಗಡಿಯವರಿಗೆ. ಊರಲ್ಲಿ ಎಲ್ಲರೂ "ನಿಮಗೆ ಒಳ್ಳೇದಾಯ್ತಲ್ಲ ಭಾಯ್" ಅಂತ ಕೇಳ್ತಾರೆ, ಹೂಂ ಅಂತ ತಲೆ ಆಡಿಸ್ತೀನಿ.

ಎರಿಹೊಲ_ಮಾನ್ವಿ · ರಾತ್ರಿ 10:34

ಬೈಯೋದು ಯಾಕೆ ಭಾಯ್, ನೀವು ಹೇಳಿದ್ದರಲ್ಲೇ ಉತ್ತರ ಇದೆ. ನನಗೆ ಬೆಲೆ ಬಿತ್ತು, ನಿಮಗೆ ಬಟ್ಟೆ ಇಳಿಯಲಿಲ್ಲ. ಹಾಗಾದ್ರೆ ನಡುವಿನ ದುಡ್ಡು ಎಲ್ಲಿ ಉಳೀತು?

(ಬೈಕ್ ತಗೊಂಡಿದ್ದು ನಾನಲ್ಲ. 2022ರಲ್ಲಿ ನಾನು ಅವಸರಪಟ್ಟು 8,000ಕ್ಕೇ ಮಾರಿದ್ದೆ. ಬೈಕ್ ತಗೊಂಡಿದ್ದು ಕಾದು ಕೂತವರು.)

ಗಂಜ್_ಗುಮಾಸ್ತ · ರಾತ್ರಿ 10:47

ನಡುವಿನ ದಾರಿ ಎಷ್ಟು ಉದ್ದ ಗೊತ್ತಾ? 100 ಕಿಲೋ ಹತ್ತಿ ಜಿನ್ನಿಂಗ್ ಮಾಡಿದರೆ ಎಳೆ ಬರೋದು 33-34 ಕಿಲೋ, ಉಳಿದದ್ದು ಕಾಳು. ಆ ಎಳೆಯನ್ನ 170 ಕಿಲೋದ ಬೇಲ್ ಕಟ್ಟುತ್ತಾರೆ. ಬೇಲ್ ಹೋಗೋದು ತಮಿಳುನಾಡಿನ ಮಿಲ್ಲುಗಳಿಗೆ, ಆಂಧ್ರಕ್ಕೆ, ಗುಜರಾತಿಗೆ. ಅಲ್ಲಿ ನೂಲಾಗಿ ಬಟ್ಟೆಯಾಗಿ ಲಾರಿ ಹತ್ತಿ ವಾಪಸ್ ಬಳ್ಳಾರಿಗೆ ಬರುತ್ತೆ. ರಾಯಚೂರಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋದರೆ ಅರ್ಧ ದಿನವೂ ಬೇಡ. ಹತ್ತಿಗೆ ಮಾತ್ರ ಅರ್ಧ ದೇಶ ಸುತ್ತಿದ ಮೇಲೇ ಬಳ್ಳಾರಿ.

ಸುಂಕದ ವಿಷಯ ಕಣ್ಣಾರೆ ಕಂಡಿದ್ದು ಹೇಳ್ತೀನಿ. ಸೆಪ್ಟೆಂಬರ್‌ನಲ್ಲಿ ಖರೀದಿದಾರರ ಬಾಯಲ್ಲಿ ಒಂದೇ ಮಾತು, "ಅವಸರ ಇಲ್ಲ". ಪ್ರತಿ ವರ್ಷ ಹೊಸ ಹತ್ತಿ ಬರೋ ಹೊತ್ತಿಗೆ ಮಿಲ್ಲಿನಲ್ಲಿ ಮಾಲು ಖಾಲಿ ಇರುತ್ತೆ, ಪೈಪೋಟಿಗೆ ಬೀಳುತ್ತಾರೆ. ಈ ಸಲ ಹೊರಗಿನ ಬೇಲ್ ಇದೆ ಅನ್ನೋ ಧೈರ್ಯ. ಸುಂಕ ತೆಗೆದು ಎಷ್ಟು ಹತ್ತಿ ಬಂತು ಅನ್ನೋದು ಆಮೇಲಿನ ಮಾತು. ಬರುತ್ತೆ ಅನ್ನೋ ಸುದ್ದಿಗೇ ಹರಾಜಿನಲ್ಲಿ ಕೂಗೋರ ಗಂಟಲು ಸಣ್ಣದಾಯ್ತು.

ಕೊಪ್ಪಳ_ಮೇಷ್ಟ್ರು · ರಾತ್ರಿ 11:03

ತಡವಾಗಿ ಬಂದೆ, ಕ್ಷಮಿಸಿ. ನಮ್ಮ ಕಡೆ ಇದೇ ಕಥೆ, ಬೆಳೆ ಬೇರೆ. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ 2,400 ಅಂತ ಕಾಗದದಲ್ಲಿದೆ, ಖರೀದಿ ಕೇಂದ್ರಕ್ಕಾಗಿ ನವೆಂಬರ್ ಪೂರ್ತಿ ರೈತರು ರಸ್ತೆಯಲ್ಲಿದ್ದರು. ಕೇಂದ್ರ, ರಾಜ್ಯ ಒಬ್ಬರಿಗೊಬ್ಬರು ಪತ್ರ ಬರೆದುಕೊಂಡರು. ಪತ್ರಕ್ಕೆ ತೇವಾಂಶದ ಕಟ್ ಇಲ್ಲ.

ಬೆಳಗಾವಿ ಕಬ್ಬಿನವರನ್ನು ನೋಡಿ. ಗುರ್ಲಾಪುರದಲ್ಲಿ ಧರಣಿ ಕೂತರು, ಸುಮಾರು ಒಂದು ವಾರದಲ್ಲಿ ಟನ್ನಿಗೆ 3,300 ಅಂತ ಆಯಿತು. ಹತ್ತಿಗೆ ಹಾಗೆ ಯಾಕೆ ಆಗಲ್ಲ ಅಂತ ನಾನು ಯೋಚನೆ ಮಾಡಿದ್ದೇನೆ. ಕಬ್ಬಿಗೆ ಫ್ಯಾಕ್ಟರಿ ಗೇಟು ಇದೆ. ಗೇಟಿನ ಮುಂದೆ ಕೂತರೆ ಎದುರಾಳಿ ಯಾರು ಅಂತ ಗೊತ್ತು, ಫ್ಯಾಕ್ಟರಿ ಹಿಂದಿರುವ ರಾಜಕಾರಣಿಯೂ ಗೊತ್ತು. ಹತ್ತಿಗೆ ಯಾರ ಗೇಟಿನ ಮುಂದೆ ಕೂರುತ್ತೀರಿ? ಹೊರಗಿನ ಹತ್ತಿ ಬರುವ ಬ್ರೆಜಿಲ್‌ಗೆ ಹೋಗುತ್ತೀರಾ?

ಈಗ ಅಸಲಿ ವಿಷಯ. ಎರಿಹೊಲ ಅವರೇ, ಆಪ್ ನಿಮ್ಮನ್ನು ಕಾಣುತ್ತಿಲ್ಲ ಅಂದಿರಿ. ಆಪ್‌ಗಿಂತ ಮೊದಲು ಕಾನೂನೇ ನಿಮ್ಮನ್ನು ಕಾಣುತ್ತಿಲ್ಲ. ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಆದ ಮೇಲೆ ಸಾಗುವಳಿ ಜಮೀನನ್ನು ಲೀಜಿಗೆ ಕೊಡುವುದೇ ನಿಷೇಧ. ಸೈನಿಕರು, ಹಡಗಿನಲ್ಲಿ ಕೆಲಸ ಮಾಡುವವರು, ಹೀಗೆ ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ ಯಾರೂ ಕೊಡುವಂತಿಲ್ಲ. ದೇವರಾಜ ಅರಸು ಕಾಲದ ಆ ಕಾನೂನು ಆವತ್ತಿಗೆ ದೊಡ್ಡ ಕೆಲಸ ಮಾಡಿತು, ಉಳುವವನಿಗೆ ಭೂಮಿ ಕೊಟ್ಟಿತು. ನಮ್ಮಪ್ಪನಿಗೂ ಹಾಗೇ ಎರಡು ಎಕರೆ ಬಂದದ್ದು. ಆದರೆ ಅದರ ನೆನಪು ಭೂಮಾಲೀಕರ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ನಿಮ್ಮ ಹೆಸರು ಯಾವುದೇ ಸರ್ಕಾರಿ ಕಾಗದದಲ್ಲಿ ಒಮ್ಮೆ ಬಂದರೆ ಹೊಲ ಹೋಯಿತು ಅಂತ ಅವರ ಭಯ. ಹೈದರಾಬಾದಿನ ಸಾಹುಕಾರರು "ತಲೆನೋವು" ಅಂದರಲ್ಲ, ಅವರು ಹೇಳದೆ ಬಿಟ್ಟದ್ದು ಇದೇ.

ಎರಿಹೊಲ_ಮಾನ್ವಿ · ರಾತ್ರಿ 11:10

ಮೇಷ್ಟ್ರೆ, ಇದು ನನಗೆ ಹೊಳೆದೇ ಇರಲಿಲ್ಲ. ಅವರ ಅಪ್ಪ ಯಾವಾಗಲೂ ಎರಡು ವರ್ಷಕ್ಕೊಮ್ಮೆ ಲೀಜಿನವರನ್ನ ಬದಲಿಸುತ್ತಿದ್ದರಂತೆ. ದುಡ್ಡಿನ ಜಗಳ ಅಂದುಕೊಂಡಿದ್ದೆ.

ಲಿಂಗಸುಗೂರು_ಕೋಡರ್ · ರಾತ್ರಿ 11:26

ಸಾಫ್ಟ್‌ವೇರ್ ಕೆಲಸದವನಾಗಿ ಎರಡು ಮಾತು. ಬೆಂಗಳೂರಲ್ಲಿ ಕೂತು ಮಾತಾಡ್ತೀನಿ ಅಂತ ಬೈದರೂ ಸರಿ.

ಆಪ್‌ನ ಉದ್ದೇಶ ಕೆಟ್ಟದ್ದಲ್ಲ. ಮೊದಲು ಏನಾಗ್ತಿತ್ತು? ವ್ಯಾಪಾರಿ ನಿಮ್ಮ ಹತ್ರ ಕಡಿಮೆಗೆ ಕೊಂಡು, ಯಾರದೋ ನಾಲ್ಕು ಪಹಣಿ ಇಸಕೊಂಡು, ಅದೇ ಹತ್ತಿಯನ್ನ ಬೆಂಬಲ ಬೆಲೆಗೆ ಹಾಕುತ್ತಿದ್ದ. ಅದನ್ನ ತಡೆಯೋಕೆ ಆಧಾರ್, ಜಮೀನು, ಬ್ಯಾಂಕ್ ಖಾತೆ ಮೂರನ್ನೂ ಗಂಟು ಹಾಕಿದರು. ತರ್ಕ ಸರಿಯಾಗಿದೆ. ಆದರೆ ಈ ತರ್ಕದಲ್ಲಿ ಕಳ್ಳ ವ್ಯಾಪಾರಿಯೂ ಲೀಜಿನ ರೈತನೂ ಒಂದೇ ಥರ ಕಾಣ್ತಾರೆ. ಇಬ್ಬರ ಹತ್ರಾನೂ ಹತ್ತಿ ಇದೆ, ಇಬ್ಬರ ಹತ್ರಾನೂ ಪಹಣಿ ಇಲ್ಲ.

ಇನ್ನೊಂದು. ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆ ಆಪ್ ಬೇರೆ ಇದೆ. ಹುಡುಗರು ಹೊಲಕ್ಕೇ ಹೋಗಿ, ನಿಂತ ಜಾಗದ ಜಿಪಿಎಸ್ ಸಮೇತ ಫೋಟೋ ತೆಗೆದು, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಹಾಕುತ್ತಾರೆ. ಹೊಲದ ತನಕ ಹೋದ ಮೇಲೆ, "ಈ ಬೆಳೆ ಯಾರು ಮಾಡಿದ್ದು" ಅಂತ ಒಂದು ಪ್ರಶ್ನೆ ಜಾಸ್ತಿ ಸೇರಿಸೋದು ಎಷ್ಟು ಕೋಡು? ಒಂದು ಮಧ್ಯಾಹ್ನದ ಕೆಲಸ. ಯಾಕೆ ಸೇರಿಸಲ್ಲ ಅಂತ ನನಗೆ ಅರ್ಥ ಆಗ್ತಿರಲಿಲ್ಲ, ಮೇಷ್ಟ್ರು ಹೇಳಿದ ಮೇಲೆ ಆಯ್ತು. ಕಾನೂನಿನಲ್ಲಿ ಇಲ್ಲದ ಮನುಷ್ಯನಿಗೆ ಕಾಲಂ ಹಾಕೋಕೆ ಯಾವ ಅಧಿಕಾರಿ ಸಹಿ ಮಾಡ್ತಾನೆ?

ನಮೋ_ಸಿಂಧನೂರು · ರಾತ್ರಿ 11:31

ನೋಡಿ, ಕಾನೂನು ರಾಜ್ಯದ್ದು, ಪಹಣಿ ರಾಜ್ಯದ್ದು, ಬೆಳೆ ಸಮೀಕ್ಷೆ ರಾಜ್ಯದ್ದು. ನಾನು ಹೇಳಿದ್ದು ಅದೇ. ಅಹಿಂದ ತಮ್ಮ ಈಗ ಎಲ್ಲಿ?

ಅಹಿಂದ_ಹುಡುಗ · ರಾತ್ರಿ 11:33

ಸುಂಕ ಯಾರದು ಸ್ವಾಮಿ?

ಎರಿಹೊಲ_ಮಾನ್ವಿ · ರಾತ್ರಿ 11:41

ಇಬ್ಬರೂ ಸರಿ, ಅದಕ್ಕೇ ನನಗೆ 6,850. ದಯವಿಟ್ಟು ಮಲಗಿ. ಚುನಾವಣೆ ಇನ್ನೂ ದೂರ ಇದೆ.

ಅರಸರ ಕಾನೂನು ತೆಗೆದು ಬಿಸಾಕಿ ಅಂತ ನಾನು ಹೇಳಲ್ಲ. ಪೂರ್ತಿ ಬಿಟ್ಟರೆ ದೊಡ್ಡ ಕಂಪನಿಯವರು ಬಂದು ನೂರಾರು ಎಕರೆ ಲೀಜಿಗೆ ಹಿಡೀತಾರೆ, ನನಗೆ ಆರು ಎಕರೆನೂ ಸಿಗಲ್ಲ. ಆದರೆ ನಮ್ಮ ಪಕ್ಕದ ಆಂಧ್ರದಲ್ಲಿ ಏನೋ ಕಾರ್ಡು ಕೊಡ್ತಾರಂತಲ್ಲ, ಕರ್ನೂಲು ಕಡೆಯ ಬೀಗರು ಹೇಳ್ತಿದ್ರು. ಯಾರಿಗಾದರೂ ಗೊತ್ತಾ?

ಕೊಪ್ಪಳ_ಮೇಷ್ಟ್ರು · ಬೆಳಿಗ್ಗೆ 6:20

ಹೌದು, ಇದೆ. 2011ರಲ್ಲೇ ಒಂದು ಕಾಯ್ದೆ ಮಾಡಿ ಗೇಣಿ ರೈತರಿಗೆ ಸಾಲ ಪಡೆಯುವ ಅರ್ಹತಾ ಕಾರ್ಡ್ ಕೊಟ್ಟರು. 2019ರಲ್ಲಿ ಇನ್ನೊಂದು ಬಂತು, ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆ. ಅದರಲ್ಲಿ 11 ತಿಂಗಳಿಗೆ ಕಾರ್ಡ್. ಬೆಳೆಯ ಮೇಲೆ ಮಾತ್ರ ಹಕ್ಕು, ಭೂಮಿಯ ಮೇಲೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. 2016ರಲ್ಲಿ ನೀತಿ ಆಯೋಗ ಕೂಡ ಲೀಜಿಗೆ ಒಂದು ಮಾದರಿ ಕಾಯ್ದೆ ಮಾಡಿ ರಾಜ್ಯಗಳಿಗೆ ಕಳಿಸಿತ್ತು.

ಆದರೆ ಆಂಧ್ರದ ಕಾರ್ಡಿಗೆ ಭೂಮಾಲೀಕರ ಒಪ್ಪಿಗೆ ಬೇಕು. ಮತ್ತೆ ಸುತ್ತಿ ಸುತ್ತಿ ಹೈದರಾಬಾದಿಗೇ ಬಂದಿರಿ! ಸಾಹುಕಾರರು ಸಹಿ ಹಾಕುತ್ತಾರಾ? ಅದಕ್ಕೇ ಅಲ್ಲಿಯೂ ಬಹಳ ಜನ ಕಾರ್ಡಿಲ್ಲದೆ ಇದ್ದಾರೆ. ಕೋಡರ್ ಹೇಳಿದ ದಾರಿ ನನಗೆ ಹಿಡಿಸಿತು. ಒಪ್ಪಿಗೆ ಕೇಳುವ ಬದಲು, ಸಮೀಕ್ಷೆಗೆ ಹೋದವರು ಪಕ್ಕದ ಹೊಲದ ಇಬ್ಬರ ಮಾತು ಬರೆದುಕೊಳ್ಳಲಿ, ಇದು ಈ ಹಂಗಾಮಿಗೆ ಮಾತ್ರ, ಭೂಮಿಯ ದಾವೆಗೆ ಸಾಕ್ಷಿ ಆಗುವುದಿಲ್ಲ ಅಂತ ಕಾನೂನಿನಲ್ಲೇ ಹಾಕಲಿ. ಊರಲ್ಲಿ ಯಾರ ಹೊಲ ಯಾರು ಮಾಡುತ್ತಾರೆ ಅನ್ನುವುದು ಚಹಾದಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ವಿಧಾನಸೌಧದಲ್ಲಿ ಇರುವವರು ಮಾತ್ರ.

ಬಸಮ್ಮನ_ಮಗಳು · ಬೆಳಿಗ್ಗೆ 7:45

ರಾತ್ರಿ ಎಲ್ಲ ಓದಿದೆ, ಬರೆಯೋಕೆ ಧೈರ್ಯ ಬರಲಿಲ್ಲ. ನಾವು ದೇವದುರ್ಗ ತಾಲೂಕಿನವರು. ಲೀಜು ಅಲ್ಲ, ಸ್ವಂತ ಹೊಲ, ಮೂರು ಎಕರೆ. ಆದರೂ ನಮಗೂ ಆಗಲಿಲ್ಲ.

ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ. ಅಜ್ಜ ತೀರಿಕೊಂಡಿದ್ದು 2006ರಲ್ಲಿ. ಆಧಾರ್ ಕಾರ್ಡ್ ಕೊಡೋಕೆ ಶುರು ಮಾಡಿದ್ದೇ 2010ರಲ್ಲಿ. ಪಹಣಿಯವರ ಆಧಾರ್ ಕೊಡಿ ಅಂದರೆ ಎಲ್ಲಿಂದ ತರೋದು? ನೋಂದಣಿಗೆ ಕೂತ ಹುಡುಗ "ಅಜ್ಜನ್ನ ಕರ್ಕೊಂಡು ಬರ್ರಿ ಅಕ್ಕ" ಅಂದ. ಅವನದು ತಪ್ಪಲ್ಲ, ಅವನಿಗೆ ಏನು ಗೊತ್ತು. ಅವ್ವ ನಕ್ಕಳು. ಮನೆಗೆ ಬಂದು ಅತ್ತಳು.

ಅಪ್ಪನೂ ಇಲ್ಲ, ಆರು ವರ್ಷ ಆಯ್ತು. ಈಗ ಹೊಲ ಮಾಡೋದು ಅವ್ವ. ಪೌತಿ ಖಾತೆ (ತೀರಿಕೊಂಡವರ ಹೊಲ ವಾರಸುದಾರರ ಹೆಸರಿಗೆ) ಮಾಡಿಸಬೇಕು ಅಂದ್ರೆ ವಂಶವೃಕ್ಷ ಬೇಕು, ಮೂವರು ಚಿಕ್ಕಪ್ಪಂದಿರ ಸಹಿ ಬೇಕು. ಒಬ್ಬರು ಪುಣೆಯಲ್ಲಿ ಕಟ್ಟಡದ ಕೆಲಸ ಮಾಡ್ತಾರೆ, ಒಬ್ಬರು ನಮ್ಮ ಜೊತೆ ಮಾತು ಬಿಟ್ಟಿದ್ದಾರೆ. ಇ-ಪೌತಿ ಅಂತ ಸರ್ಕಾರ ಅಭಿಯಾನ ಮಾಡ್ತಿದೆ, ಮನೆ ಬಾಗಿಲಿಗೇ ಬರ್ತಾರೆ ಅಂತ ಕೇಳಿದ್ದೀನಿ. ಬಂದರೂ ಮಾತು ಬಿಟ್ಟ ಚಿಕ್ಕಪ್ಪನ್ನ ಅವರು ಮಾತಾಡಿಸ್ತಾರಾ?

ಗಂಜ್_ಗುಮಾಸ್ತ · ಬೆಳಿಗ್ಗೆ 8:10

ಅಕ್ಕಾ, ನಿಮ್ಮಂಥವರು ದಿನಕ್ಕೆ ಹತ್ತು ಜನ ಬರ್ತಾರೆ. ಅದಕ್ಕೇ ನಮ್ಮ ಗಂಜಿನಲ್ಲಿ ಜನ ನಿಂತಿರೋದು. ನಾನು ಅಡತಿ (ಕಮಿಷನ್ ದಲ್ಲಾಳಿ) ಅಂಗಡಿಯವನು, ನನ್ನ ಮಾತು ಅರ್ಧ ಹಿಡಿದು ಕೇಳಿ. ಆದರೆ ಅಂಗಡಿ ಸಾಹುಕಾರ ಪಹಣಿ ಕೇಳಲ್ಲ. ಬೀಜಕ್ಕೆ ದುಡ್ಡು ಅಲ್ಲಿ ಸಿಗುತ್ತೆ, ಮನೆಯಲ್ಲಿ ಆಸ್ಪತ್ರೆ ಖರ್ಚು ಬಂದರೆ ರಾತ್ರಿ ಹತ್ತಕ್ಕೂ ಸಿಗುತ್ತೆ. ಅದಕ್ಕೆ ಬದಲಾಗಿ ಹತ್ತಿ ಅವನ ಅಂಗಡಿಗೇ ಬರಬೇಕು, ಅವನು ಹೇಳಿದ ದರಕ್ಕೆ. ಆ ಬಡ್ಡಿ ಎಷ್ಟು ಅಂತ ನಾನಿಲ್ಲಿ ಬರೆದರೆ ನಾಳೆ ನನ್ನ ಕೆಲಸ ಹೋಗುತ್ತೆ.

ಹಾಗಾಗಿ ಆಪ್ ಸರಿ ಆದ ಮಾತ್ರಕ್ಕೆ ಎಲ್ಲರೂ ಸಿಸಿಐಗೆ ಓಡ್ತಾರೆ ಅಂದುಕೊಳ್ಳಬೇಡಿ. ಪಟ್ಟಿ ಬರೆಯುವಾಗ ನೋಡ್ತೀನಲ್ಲ, ಎಷ್ಟೋ ಜನಕ್ಕೆ ಹತ್ತಿ ಗಾಡಿಯಿಂದ ಇಳಿಯುವ ಮೊದಲೇ ಬಾಕಿಗೆ ಜಮಾ ಆಗಿರುತ್ತೆ.

ಲಿಂಗಸುಗೂರು_ಕೋಡರ್ · ಬೆಳಿಗ್ಗೆ 9:30

ಒಂದು ಕಹಿ ಮಾತು ಆಡ್ಲಾ? ಸುಂಕ ಮತ್ತೆ ಹಾಕಿದರೂ, ಆಪ್ ಸರಿ ಮಾಡಿದರೂ ಹತ್ತಿ ಎಷ್ಟು ದಿನ ನಡೆಯುತ್ತೆ? ನಮ್ಮ ದೇಶದಲ್ಲಿ ಹೆಕ್ಟೇರಿಗೆ ಎಳೆ ಇಳುವರಿ 450 ಕಿಲೋ ಆಸುಪಾಸು. ಬ್ರೆಜಿಲ್‌ನಲ್ಲಿ ಅದರ ನಾಲ್ಕು ಪಟ್ಟು. ಕಾಯಿಕೊರಕ ಹುಳು ತಡೆಯುವ ಕುಲಾಂತರಿ ಬಿಟಿ ಹತ್ತಿ ಬಂದಿದ್ದು 2002ರಲ್ಲಿ, ಅದರ ಎರಡನೇ ಪೀಳಿಗೆ 2006ರಲ್ಲಿ. ಆಮೇಲೆ ಹೊಸದೇನೂ ಬರಲಿಲ್ಲ, ಗುಲಾಬಿ ಕಾಯಿಕೊರಕ ಅದನ್ನೂ ಜೀರ್ಣಿಸಿಕೊಂಡಿತು. ಈ ವರ್ಷದ ಬಜೆಟ್‌ನಲ್ಲಿ ಹತ್ತಿ ಇಳುವರಿಗೆ ಐದು ವರ್ಷದ ಮಿಷನ್ ಅಂದರು. ಮಿಷನ್ ಬರೋದಕ್ಕೆ ಮೊದಲು ಹೊರಗಿನ ಬೇಲ್ ಬಂತು.

ಎರಿಹೊಲ_ಮಾನ್ವಿ · ಬೆಳಿಗ್ಗೆ 9:52

ಬ್ರೆಜಿಲ್‌ನವನ ಹೊಲ ಸಾವಿರಾರು ಎಕರೆ, ಬಿಡಿಸೋಕೆ ಯಂತ್ರ. ನನ್ನದು ಮಳೆ ನಂಬಿದ ಎರಿ, ಬಿಡಿಸೋಕೆ ಬಸಮ್ಮನಂಥವರು. ಒಂದೇ ತಕ್ಕಡಿಗೆ ಹಾಕಿ ತೂಗಿದರೆ ನಾನು ಸೋಲ್ತೀನಿ, ಒಪ್ಪಿದೆ. ಆದರೆ ಅಲ್ಲಿಯವನ ಜೊತೆ ಪೈಪೋಟಿಗೆ ಬಿಡುವಾಗ ನನಗೆ ಮೂರು ತಿಂಗಳು ಮೊದಲು ಹೇಳಬೇಕಿತ್ತು. ಜೂನ್‌ನಲ್ಲಿ ಹೇಳಿದ್ದರೆ ಆರು ಎಕರೆಗೂ ತೊಗರಿ ಬಿತ್ತಿರುತ್ತಿದ್ದೆ. ಬಿತ್ತುವಾಗ 8,110 ಅಂತ ಆಸೆ ತೋರಿಸಿ, ಹೂ ಬಿಟ್ಟ ಮೇಲೆ ಸುಂಕ ತೆಗೆದರಲ್ಲ, ನನ್ನ ಸಿಟ್ಟು ಅದು.

ಮತ್ತೆ ಈ ವರ್ಷ ತುಂಗಭದ್ರಾ ನಾಲೆಗೆ ಎರಡನೇ ಬೆಳೆಗೆ ನೀರಿಲ್ಲ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕೊಚ್ಚಿಹೋಗಿತ್ತಲ್ಲ, ಈಗ 33 ಗೇಟನ್ನೂ ಬದಲಿಸುತ್ತಾರೆ. ಬದಲಿಸಲೇಬೇಕು, ಅದಕ್ಕೆ ತಕರಾರಿಲ್ಲ. ಆದರೆ ಭತ್ತದ ನಾಟಿ ಇಲ್ಲ ಅಂದಮೇಲೆ ಕೂಲಿಯವರು ಆಗಲೇ ಗುಳೆ ಹೊರಟಿದ್ದಾರೆ. ಕೊನೆ ಸಲದ ಹತ್ತಿ ಗಿಡದಲ್ಲೇ ಇದೆ, ಬಿಡಿಸೋರಿಲ್ಲ. ಡಿಸೆಂಬರ್ 31ಕ್ಕೆ ಸುಂಕದ ವಿನಾಯಿತಿ ಮುಗಿಯುತ್ತಂತೆ. ಮುಗಿದು ಬೆಲೆ ಏರಿದರೆ ಅದು ಯಾರ ಗೋಡೌನಿನ ಹತ್ತಿಗೆ ಏರೋದು ಅಂತ ಗುಮಾಸ್ತರು ಚೆನ್ನಾಗಿ ಬಲ್ಲರು.

ಜೀನ್ಸ್_ಬಳ್ಳಾರಿ · ಬೆಳಿಗ್ಗೆ 10:15

ಜನವರಿಯಲ್ಲಿ ನನ್ನ ಬಟ್ಟೆ ವ್ಯಾಪಾರಿ "ಸುಂಕ ವಾಪಸ್ ಬಂತು ಭಾಯ್" ಅಂತ ಮೀಟರಿಗೆ ನಾಲ್ಕು ರೂಪಾಯಿ ಏರಿಸ್ತಾನೆ. ಬರೆದಿಟ್ಟುಕೊಳ್ಳಿ.

ನೂಲು, ಬಟ್ಟೆ ಇಲ್ಲೇ ಆಗಿದ್ದರೆ ನಾನು ನೀವು ಎದುರುಬದರು ಕೂತು ಮಾತಾಡಬಹುದಿತ್ತು. 2023ರ ಚುನಾವಣೆಗೆ ರಾಹುಲ್ ಗಾಂಧಿ ಬಳ್ಳಾರಿಗೆ ಬಂದು ಜೀನ್ಸ್ ಪಾರ್ಕ್ ಅಂದರು, ನಾವೂ ಚಪ್ಪಾಳೆ ಹೊಡೆದೆವು. ಕೇಂದ್ರದ ಮಿತ್ರ ಜವಳಿ ಪಾರ್ಕ್ ಕಲಬುರಗಿಗೆ ಹೋಯಿತು. ನಾನು ಇನ್ನೂ ಅದೇ ಓಣಿಯಲ್ಲಿ 14 ಮಿಷನ್ ಇಟ್ಕೊಂಡು, ಕರೆಂಟ್ ಹೋದಾಗ ಹೊರಗೆ ಬಂದು ಒಗ್ಗರಣೆ ಮಂಡಾಳು ತಿನ್ನುತ್ತಾ ನಿಂತಿರ್ತೀನಿ.

ಬಸಮ್ಮನ_ಮಗಳು · ಸಂಜೆ 5:38

ಒಂದು ಸುದ್ದಿ. ನಮ್ಮ ಸೋದರಮಾವನ ಹೆಸರಲ್ಲಿ ಪಹಣಿ ಇದೆ, ಅವರದೂ ಹತ್ತಿ ಅಂತಲೇ ಸಮೀಕ್ಷೆಯಲ್ಲಿ ಬಿದ್ದಿದೆ. ಅವರ ಹೊಲ ಈ ಸಲ ಸರಿಯಾಗಿ ಬರಲಿಲ್ಲ. ಅವರ ನೋಂದಣಿ ಆಗಿತ್ತು, ಇವತ್ತು ದಿನ ಸಿಕ್ಕಿದೆ, ಬರುವ ಗುರುವಾರ. ನಮ್ಮ ಹತ್ತಿನೂ ಅದರಲ್ಲೇ ಹಾಕಿ, ದುಡ್ಡು ಬಂದ ಮೇಲೆ ಕೊಡ್ತೀನಿ ಅಂದಿದ್ದಾರೆ. ಮಾವ ಒಳ್ಳೆಯವರು, ಕೊಡ್ತಾರೆ.

ಲಿಂಗಸುಗೂರು_ಕೋಡರ್ · ಸಂಜೆ 5:44

ಅಕ್ಕಾ, ದಯವಿಟ್ಟು ಇದನ್ನ ಇಲ್ಲಿ ಬರೀಬೇಡಿ. ಆಪ್ ತಡೆಯೋಕೆ ಹೊರಟಿದ್ದು ಇದನ್ನೇ.

ಬಸಮ್ಮನ_ಮಗಳು · ಸಂಜೆ 5:51

ಗೊತ್ತು ಅಣ್ಣ. ಹತ್ತಿ ನಮ್ಮದೇ ಅಲ್ವಾ? ಅಳಿಸೋಕೆ ಬರ್ತಿಲ್ಲ.

ಗಂಜ್_ಗುಮಾಸ್ತ · ಸಂಜೆ 6:02

ನಾನೇನೂ ಓದಿಲ್ಲ. ಗುರುವಾರ ಅಂದ್ರೆ ಇನ್ನೂ ನಾಲ್ಕು ದಿನ ಇದೆ, ಹತ್ತಿ ಈಗಲೇ ಹರಡಿ. ಸಂಜೆ ಆಗುತ್ತಲೇ ಮುಚ್ಚಿ, ಇಬ್ಬನಿ ಬೀಳುತ್ತೆ. ಗಾಡಿಗೆ ತುಂಬುವಾಗ ಕೆಳಗಿನ ಅಂಡಿಗೆ ನೆಲಕ್ಕೆ ತಾಗಿಸಬೇಡಿ, ತೇವದ ಮೀಟರ್ ಹಾಕೋರು ಕೆಳಗಿನಿಂದಲೇ ಕೈ ಹಾಕ್ತಾರೆ.

ಬಸಮ್ಮನ_ಮಗಳು · ಸಂಜೆ 6:10

ಸರಿ ಅಣ್ಣ. ಅರಕೇರಾ ಕಡೆಯಿಂದ ಗುರುವಾರ ಬೆಳಿಗ್ಗೆ ಯಾರದಾದರೂ ಟಾಟಾ ಏಸ್ ಖಾಲಿ ಬರುತ್ತಾ? 11 ಕ್ವಿಂಟಲ್ ಆಗಬಹುದು. ಎರಡು ಸಲ ಮಾಡಬೇಕಾದೀತು.

ಎರಿಹೊಲ_ಮಾನ್ವಿ · ಸಂಜೆ 6:25

ನಮ್ಮೂರಲ್ಲಿ ಒಬ್ಬರ ಹತ್ರ ಬೊಲೆರೊ ಪಿಕಪ್ ಇದೆ, ಒಂದೇ ಸಲಕ್ಕೆ ಆಗುತ್ತೆ. ಕೇಳಿ ಹೇಳ್ತೀನಿ ತಂಗಿ. ನಂಬರ್ ಇಲ್ಲಿ ಹಾಕಬೇಡ, ಮೆಸೇಜ್ ಮಾಡು.